ಚೆಂಡು ಉಜ್ಜುವ ಮಧ್ವರಾಜರು

ಚೆನ್ನೈಯ ಟಿ. ನಗರದ ನಮ್ಮ ಭಾನುವಾರದ ಕ್ರಿಕೆಟ್ ತಂಡದಲ್ಲಿ ಹೋಟೆಲಿನ ಮಧ್ವರಾಜರು ಬ್ಯಾಟು ಹಿಡಿಯುವುದು ಎಲ್ಲರಿಗಿಂತ ಕೊನೆಗೆ, ಬೌಲಿಂಗ್ ಅಂತೂ ಈಗ ಇಲ್ಲವೇ ಇಲ್ಲ. ಅವರ ಕೆಲಸ ಚೆಂಡು ಉಜ್ಜುವುದು. ಬೌಲರನ ಕೈ ಸೇರುವ ಮೊದಲು ಚೆಂಡು ಅವರ ಬಲತೊಡೆಯನ್ನು ಹಾದೇ ಹೋಗಬೇಕು. ಉಜ್ಜುವುದು ಒಂದೇ ಬದಿ. ಇನ್ನೊಂದು ಬದಿಯನ್ನು ಯಾರಾದರೂ ಒರೆಸಿದರೋ, ತಮ್ಮ ಊಟದೆಲೆಗೇ ಕೈ ಹಾಕಿದಂತೆ ಸಿಡುಕುತ್ತಾರೆ: "ಅದು ಒರಟೇ ಇರ್ಲಿ ಮಾರಾಯ! ಗಾಳಿ ನುಣುಪನ್ನು ಬೇಗ ಬಿಟ್ಟು ಹೋಗ್ತದೆ, ಒರಟನ್ನು ಹಿಡ್ಕೊಂಡೇ ಇರ್ತದೆ. ಚೆಂಡು ಆ ಬದಿಗೇ ತಿರುಗುದು." ಚೆಂಡಿಗೆ ಎಂಜಲು ಹಚ್ಚಬಾರದೆಂಬ ನಿಯಮ ಬಂದಾಗ ನಾವೆಲ್ಲ ಕಂಗಾಲಾದರೆ ಅವರು ಹಣೆ ಒರೆಸಿಕೊಂಡು ನಕ್ಕರು, "ಚೆನ್ನೈಯಲ್ಲಿ ಬೆವರಿಗೆ ಬರವಾ?" ಪ್ಯಾಂಟು ಕೊಳ್ಳಲು ಹೋದರೂ ಜೇಬಿನಲ್ಲಿ ಹಳೆಯ ಚೆಂಡೊಂದು ಇರುತ್ತದೆ, ಅದನ್ನು ಬಟ್ಟೆಯ ಮೇಲೆ ಉಜ್ಜಿ ನೋಡುವಾಗ ಅಂಗಡಿಯವನು "ಸಾರ್, ಪ್ಯಾಂಟ್ ಉಂಗಳುಕ್ಕಾ, ಬಾಲುಕ್ಕಾ?" ಎಂದು, ಪ್ಯಾಂಟು ನಿಮಗೋ ಚೆಂಡಿಗೋ ಅಂತ, ತಮಿಳಿನಲ್ಲಿ ಕೇಳಿದ್ದುಂಟು. ಕೋಯಂಬೇಡು ತರಕಾರಿ ಮಾರ್ಕೆಟ್ಟಿನಿಂದ ಅವರು ತರುವ ಟೊಮೆಟೊ ಕೂಡ ಒಂದೇ ಬದಿ ಮಿನುಗುತ್ತದೆಂದು ಹೆಂಡತಿ ಸುಗುಣಾ ದೂರುತ್ತಾರೆ. ಒಂದು ಕಾಲಕ್ಕೆ ಅವರ ಸ್ವಿಂಗ್ ಎಂದರೆ ಬ್ಯಾಟ್ಸ್‌ಮನ್‌ಗಳು ನಡುಗುತ್ತಿದ್ದರಂತೆ, ನಾನು ಕಂಡಿಲ್ಲ. ಹೋದ ತಿಂಗಳು ಕೀಲ್ಪಾಕ್‌ನಲ್ಲಿ ನಮ್ಮೂರ ಕಡೆಯ ಡಾಕ್ಟರೊಬ್ಬರು ಅವರ ಬಲಭುಜ ಪರೀಕ್ಷಿಸಿ, ಈ ಕೈ ಇನ್ನು ತಲೆಯ ಮೇಲಕ್ಕೆ ಏಳುವುದಿಲ್ಲ ಎಂದಾಗ ಜೊತೆಗೆ ಹೋಗಿದ್ದ ನಾನು ತಲೆ ತಗ್ಗಿಸಿದೆ. ಮಧ್ವರಾಜರು ಮಾತ್ರ ಕುರ್ಚಿಯಲ್ಲಿ ಮುಂದೆ ಸರಿದು ಕೇಳಿದರು, "ಮೇಲೆ ಹೋಗದಿದ್ರೆ ಬೇಡ ಡಾಕ್ಟ್ರೇ, ತೊಡೆ ಮೇಲೆ ಉಜ್ಜುವಷ್ಟು ಬರ್ತದಲ್ಲ?"