ಮಿಷಿನ್ನಿನ ಹಣೆಗೆ ಇಟ್ಟ ಬೊಟ್ಟು

ಎರಡು ವಾರದ ಹಿಂದೆ, ಸೋಮವಾರ ಬೆಳಿಗ್ಗೆ, ನಮ್ಮ ಆಡಿನ ಕೊಟ್ಟಿಗೆಯಲ್ಲಿ ಒಬ್ಬ ಹೆಣ್ಣುಮಗಳು ಸೇಫ್ಟಿ ಪಿನ್ನಿನ ತುದಿಯಿಂದ ನನ್ನ ಮೂರು ತಿಂಗಳ ಭಕ್ತಿಯನ್ನು ಕೆದಕಿ ಹೊರಗೆ ತೆಗೆದಳು.

ಕೆಂಪಗಿತ್ತು. ನಡುನಡುವೆ ಬೆಳ್ಳಗೆ ಪದರ. ಮೂಗಿನ ಹತ್ತಿರ ತಂದರೆ, ಶಿವಶಿವಾ, ಹುಳಿ ವಾಸನೆ.

ನಗುವವರು ಈಗಲೇ ನಕ್ಕುಬಿಡಿ. ನಮ್ಮ ಮನೆಯವರು ಇನ್ನೂ ನಗುತ್ತಿದ್ದಾರೆ, ನಿಮ್ಮದೇನು ಹೆಚ್ಚು?

ನಮ್ಮ ತೋಟದ ಮನೆಯಲ್ಲಿ ಹಾಲು ಕೊಡುವ ಹನ್ನೊಂದು ಆಡುಗಳಿವೆ. (ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಆಡಾ ಎಂದು ಹುಬ್ಬೇರಿಸಿದ ನೆಂಟರೇ ಮಂಡಿನೋವು ಬಂದಾಗ ಅದೇ ಹಾಲಿಗೆ ಲೋಟ ಹಿಡಿದುಕೊಂಡು ಬಂದರು. ಲೋಟ ತುಂಬಿಸಿ ಕೊಟ್ಟೆ.) ಹಾಲು ಹಾರನಹಳ್ಳಿಯ ನಾಲ್ಕಾರು ಮನೆಗಳಿಗೆ ಹೋಗುತ್ತದೆ. ಉಳಿದದ್ದು ಗೆಂಡೆಹಳ್ಳಿ ಕಡೆಯ ಒಂದು ಹೋಮ್‌ಸ್ಟೇಗೆ. ಅಲ್ಲಿ ಅದರಲ್ಲಿ ಚೀಸ್ ಮಾಡುತ್ತಾರೆ. ಹಳೇಬೀಡು ನೋಡಲು ಬಂದವರು ಅದನ್ನು ಬ್ರೆಡ್ಡಿಗೆ ಸವರಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಾರಂತೆ. ಒಮ್ಮೆ ನನಗೂ ರುಚಿಗೆ ಕಳಿಸಿದ್ದರು. ನಾನೂ ಕಣ್ಣು ಮುಚ್ಚಿದೆ. ಕಾರಣ ಬೇರೆ.

ಹಾಲು ಕರೆಯುವ ಮಿಷಿನ್ ಬಂದದ್ದು ನನ್ನ ಮಣಿಕಟ್ಟುಗಳ ದೆಸೆಯಿಂದ. ಹನ್ನೊಂದು ಆಡು, ಇಪ್ಪತ್ತೆರಡು ಮೊಲೆ, ದಿನಕ್ಕೆರಡು ಸಲ. ಎರಡೂ ಕೈ ಹಿಡಿದುಕೊಂಡವು. ಕೈ ತಾನೇ ಹೋಯಿತು, ಕಾಲು ಗಟ್ಟಿಯಾಗಿವೆಯಲ್ಲ, ಶಿವ ದೊಡ್ಡವನು ಎಂದುಕೊಂಡೆ. ನಮ್ಮ ಯಜಮಾನರು ಮಾತ್ರ ಅಷ್ಟಕ್ಕೇ ಬಿಡದೆ ಮಿಷಿನ್ ತಂದರು.

ಅದು ಮನೆಗೆ ಬಂದ ದಿನವೇ ನಾನು ಹೇಳಿಬಿಟ್ಟೆ: ಇದನ್ನು ತೊಳೆಯುವುದು ನನ್ನ ಕೆಲಸ, ಬೇರೆ ಯಾರೂ ಮುಟ್ಟಕೂಡದು. ಯಜಮಾನರು ಕಾಫಿ ಲೋಟ ತೊಳೆದರೆ ಲೋಟಕ್ಕೆ ನೀರು ತಾಗಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅಂಥವರ ಕೈಗೆ ಪೈಪು, ರಬ್ಬರು, ಬ್ರಶ್ಶು ಕೊಡುವುದುಂಟೇ?

ಜೊತೆಗೆ ಬಂದ ಪುಸ್ತಕದಲ್ಲಿ ಹೀಗಿತ್ತು. ಹಾಲು ಕರೆದ ತಕ್ಷಣ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ. ಆಮೇಲೆ ಸೋಪುಪುಡಿ ಹಾಕಿದ ಬಿಸಿನೀರು. ಮೊದಲೇ ಬಿಸಿನೀರು ಬಿಟ್ಟರೆ ಹಾಲು ಒಳಗೇ ಬೆಂದು ಅಂಟಿಕೊಳ್ಳುತ್ತದೆ. ಇದನ್ನು ನನಗೆ ಪುಸ್ತಕ ಹೇಳಿಕೊಡಬೇಕಾ? ಮದುವೆಯಾಗಿ ಬಂದಂದಿನಿಂದ ಹಾಲಿನ ಪಾತ್ರೆ ಉಜ್ಜಿದವಳು ನಾನು! ದಿನಾ ರಬ್ಬರುಗಳನ್ನು ಬಿಚ್ಚಿ ಬ್ರಶ್ ಹಾಕಿದೆ. ವಾರಕ್ಕೊಮ್ಮೆ ಆಸಿಡ್ ಪುಡಿ ಹಾಕಿ ಪೈಪಿನೊಳಗಿನ ಹಾಲಿನ ಕಿಟ್ಟ ತೆಗೆದೆ. ಎಲ್ಲವನ್ನೂ ತಲೆಕೆಳಗಾಗಿ ತೂಗುಹಾಕಿ ನೆರಳಲ್ಲಿ ಒಣಗಿಸಿದೆ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಬೊಟ್ಟು ಇಡದೆ ಬಿಡಲಾದೀತೇ?

ನಮ್ಮ ಮನೆಯಲ್ಲಿ ಮಿಕ್ಸಿಗೂ ಬೊಟ್ಟಿದೆ. ಗ್ಯಾಸ್ ಒಲೆಗೂ ಇದೆ. ಬೋರ್‌ವೆಲ್ ಸ್ಟಾರ್ಟರಿಗೂ ಇದೆ. (ಯುಪಿಎಸ್‌ಗೆ ಎರಡಿದೆ. ಅದು ಜಾಸ್ತಿ ಕೈ ಕೊಡುತ್ತದೆ.)

ಈ ಮಿಷಿನ್ನಿನಲ್ಲಿ ಆಡಿಗೆ ಹಾಕುವ ಎರಡು ಕಪ್‌ಗಳಿವೆ. ಅವುಗಳ ಪೈಪುಗಳು ಬಂದು ಸೇರುವ ಕಡೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಸ್ಟೀಲಿನ ಗುಂಡು. ಆ ಗುಂಡಿನ ಮುಖದ ಮೇಲೆ ನಟ್ಟನಡುವೆ ಸೂಜಿ ಹೋಗುವಷ್ಟು ಒಂದು ತೂತು. ನೋಡಿದ ಕೂಡಲೇ ನನಗೆ ಅನ್ನಿಸಿದ್ದು ಇಷ್ಟು: ಬೊಟ್ಟಿಡುವ ಜಾಗ ಗುರುತು ಮಾಡಿಯೇ ಕಳಿಸಿದ್ದಾರಲ್ಲ, ಎಂಥಾ ದೈವಭಕ್ತರಪ್ಪಾ ಈ ಕಂಪನಿಯವರು!

ಇಟ್ಟ ಬೊಟ್ಟು ಮಾರನೆಯ ದಿನ ತೊಳೆದಾಗ ಅಳಿಸಿಹೋಗುತ್ತಿತ್ತು. ಬರಿದಾದ ಹಣೆ ನೋಡಲು ನನಗಾಗದು. ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿ ಇಟ್ಟೆ. ನಮ್ಮ ತೋಟದ್ದೇ ಎಣ್ಣೆ, ಒಳ್ಳೆ ಗಟ್ಟಿಯಾಗಿ ಕಚ್ಚಿಕೊಂಡಿತು. ಸೋಮವಾರ ವಿಭೂತಿ, ಮಿಕ್ಕ ದಿನ ಕುಂಕುಮ. ತೊಳೆಯುವಾಗ ಬ್ರಶ್ಶನ್ನು ಬೊಟ್ಟಿಗೆ ತಾಗದ ಹಾಗೆ ಸುತ್ತ ಬಳಸಿ ಆಡಿಸುವುದನ್ನೂ ಕಲಿತೆ. ಅದಕ್ಕೂ ಒಂದು ಹದ ಬೇಕು ನೋಡಿ.

ಮೊದಲು ಒದ್ದವಳು ಚಂದ್ರಿ.

ಚಂದ್ರಿ ಕಂದು ಬಣ್ಣದ ಆಡು, ಹಣೆಯಲ್ಲಿ ಬಿಳಿಯ ಅರ್ಧಚಂದ್ರ. ನಾನು ಕೈಯಲ್ಲಿ ಕರೆಯುತ್ತಿದ್ದಾಗ ನನ್ನ ಭುಜಕ್ಕೆ ಗದ್ದ ಊರಿ ಮೆಲುಕು ಹಾಕುತ್ತಿದ್ದವಳು. ಅಂಥವಳು ಒಂದು ದಿನ ಕಪ್ ಹಾಕಿದ ಸ್ವಲ್ಪ ಹೊತ್ತಿಗೆ ಹಿಂಗಾಲೆತ್ತಿ ಕೊಟ್ಟಳು ನೋಡಿ, ಕಪ್ ಒಂದು ಕಡೆ, ಕ್ಯಾನು ಒಂದು ಕಡೆ, ಯಜಮಾನರು ಹಿಕ್ಕೆಯ ಮೇಲೆ! ಹಾಲೆಲ್ಲ ಚೆಲ್ಲಿತು. ನನ್ನ ಸೀರೆಗೆ ಒಂದು ಹನಿಯೂ ಸಿಡಿಯಲಿಲ್ಲ. ಅಷ್ಟರಮಟ್ಟಿಗೆ ಶಿವ ಕಾಪಾಡಿದ.

ಮಾರನೆಯ ದಿನವೂ ಒದ್ದಳು. ಅದರ ಮಾರನೆಯ ದಿನವೂ.

ಮಿಕ್ಕ ಹತ್ತು ಸುಮ್ಮನೆ ನಿಂತಿರುತ್ತಿದ್ದವು. ಹಾಲು ಸ್ವಲ್ಪ ಕಡಿಮೆಯಾಗಿತ್ತು, ಕರೆಯಲು ಹೊತ್ತು ಹೆಚ್ಚು ಹಿಡಿಯುತ್ತಿತ್ತು. ಮೇವು ಬದಲಾಗಿದೆ, ಅದಕ್ಕಿರಬೇಕು ಎಂದುಕೊಂಡೆವು.

ನಮ್ಮ ಅತ್ತೆಗೆ ಯಾವ ಅನುಮಾನವೂ ಇರಲಿಲ್ಲ.

"ಕಣ್ಣಾಗೈತೆ ಕಣಮ್ಮಿ. ಮೊನ್ನೆ ನೆಂಟ್ರು ಬಂದು ಮಿಷಿನ್ನ ಹೆಂಗ್ ಬಾಯ್ ಬಿಟ್ಕಂಡ್ ನೋಡುದ್ರು, ನೋಡ್ಲಿಲ್ವಾ ನೀನು?"

"ಆಗಿರೋದು ಆಡಿಗಾ ಅತ್ತೆ, ಮಿಷಿನ್ನಿಗಾ?"

"ಯಾವುದಕ್ಕಾಗೈತೋ ಯಾರ್ ಕಂಡೋರು? ಎರಡಕ್ಕೂ ತೆಗಿ, ಒಂದಕ್ಕಾದ್ರೂ ತಾಗ್ಲಿ."

ಎರಡಕ್ಕೂ ತೆಗೆದೆ. ಉಪ್ಪು, ಒಣಮೆಣಸಿನಕಾಯಿ, ಬೇವಿನಸೊಪ್ಪು. ಬೇವಿನಸೊಪ್ಪನ್ನು ಅರ್ಧದಲ್ಲೇ ಚಂದ್ರಿ ತಿಂದಳು. ಮೆಣಸಿನಕಾಯಿ ಘಾಟಿಗೆ ಯಜಮಾನರು ಸೀನಿ ಸೀನಿ ಸುಸ್ತಾದರು. ಕೊನೆಗೆ ಮಿಷಿನ್ನಿಗೆ ಬೊಟ್ಟನ್ನು ಎಂದಿಗಿಂತ ದೊಡ್ಡದಾಗಿ, ಹೆಬ್ಬೆಟ್ಟಿನಲ್ಲಿ ಒತ್ತಿ ಇಟ್ಟೆ.

ಮರುದಿನ ಚಂದ್ರಿ ಎರಡು ಸಲ ಒದ್ದಳು.

ಯಜಮಾನರ ತಾಳ್ಮೆ ಮುಗಿಯಿತು. "ಈ ಆಡಿಗೆ ಕೊಬ್ಬು ಕಣೇ. ವ್ಯಾಪಾರಿಗೆ ಹೇಳಿದೀನಿ. ಬುಧವಾರ ಟೆಂಪೋ ತತ್ತಾನೆ, ಕೊಟ್ಬಿಡಾನ."

ಅರಸೀಕೆರೆ ಸಂತೆಗೆ ಹೋದ ಒದೆಯುವ ಆಡನ್ನು ಯಾರಾದರೂ ಹಾಲಿಗೆಂದು ಕೊಳ್ಳುತ್ತಾರೆಯೇ? ಅದು ಎಲ್ಲಿಗೆ ಹೋಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. (ಹೋತದ ಮರಿಗಳನ್ನು ಕೊಡುವಾಗಲೂ ಹೇಳುವುದಿಲ್ಲ. ಆ ದಿನ ನಾನು ಪೂಜೆಗೆ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ.)

"ಇವಳೊಬ್ಬಳನ್ನ ಕೈಯಲ್ಲೇ ಕರ್ಕೋತೀನಿ ಕಣ್ರೀ."

"ಮುದ್ದೆ ತಿರುವೋಕೇ ಕೈ ಆಗಲ್ಲ ಅಂತೀಯ, ಆಡು ಕರೀತಾಳಂತೆ!"

ಪೂಜೆಗೆ ಕೂತಾಗ ಕೇಳಿಕೊಂಡೆ, ಚಂದ್ರಿಗೆ ಬುದ್ಧಿ ಕೊಡಪ್ಪಾ ಎಂದು. ಬುದ್ಧಿ ಬೇಕಾಗಿದ್ದವಳು ಅವನ ಎದುರಿಗೇ ಕೈಮುಗಿದು ಕೂತಿದ್ದಳು. ಪಾಪ, ಶಿವ ಎಷ್ಟು ನಕ್ಕನೋ.

ಸೋಮವಾರ ಶೋಭಾ ಬಂದಳು. ಈಕೆ ನಮ್ಮ ಕಡೆಯ ಪಶುಸಖಿ. ಸ್ಕೂಟಿಯಲ್ಲಿ ಊರೂರು ಸುತ್ತಿ ಆಡು ಕುರಿಗಳ ಯೋಗಕ್ಷೇಮ ನೋಡುವ ಹೆಣ್ಣುಮಗಳು. ಬಂದದ್ದು ಜಂತುಹುಳುವಿನ ಔಷಧಿ ಕುಡಿಸಲು. ಯಜಮಾನರು ಎಲ್ಲಕ್ಕಿಂತ ಮೊದಲು ಚಂದ್ರಿಯ ಮೇಲೆ ಚಾಡಿ ಹೇಳಿದರು.

"ಚಂದ್ರಿ ಒದೀತಾಳಾ? ಸುಮ್ನಿರಿ ಅಣ್ಣ," ಎಂದು ಶೋಭಾ ಕುಕ್ಕರುಗಾಲಲ್ಲಿ ಕೂತು ಕೆಚ್ಚಲು ಮುಟ್ಟಿದಳು. ಚಂದ್ರಿ ನಡುಗಿದಳು. ಮೊದಲ ಧಾರೆಯನ್ನು ಒಂದು ಕಪ್ಪು ಬಟ್ಟಲಿಗೆ ಹಿಂಡಿ ನನಗೆ ತೋರಿಸಿದಳು. ಹಾಲಿನಲ್ಲಿ ಒಡೆದ ಮೊಸರಿನಂಥ ಸಣ್ಣ ಸಣ್ಣ ಚೂರುಗಳು.

"ಕೆಚ್ಚಲು ಬಾವು ಶುರುವಾಗ್ತೈತೆ ಅಕ್ಕ. ತುದಿ ನೋಡಿ, ಹೆಂಗ್ ಕೆಂಪಾಗೈತೆ. ಕೊಬ್ಬಲ್ಲ ಇದು, ನೋವಿಗೆ ಒದೀತಾವಳೆ. ಎಲ್ಲಿ, ಮಿಷಿನ್ ತೋರ್ಸಿ."

ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಯೇ ಬಂದ ಹಾಗಾಯಿತು ನನಗೆ. ಓಡಿಹೋಗಿ ತಂದೆ. ಶೋಭಾ ಮೊಬೈಲ್ ಟಾರ್ಚ್ ಹಾಕಿ ರಬ್ಬರಿನೊಳಗೆ ನೋಡಿದಳು. ಬೆರಳು ಆಡಿಸಿದಳು, ಜಿಡ್ಡಿಲ್ಲ. ಪೈಪು ಮೂಸಿದಳು, ವಾಸನೆಯಿಲ್ಲ.

"ಅಬ್ಬಾ! ನಮ್ಮನೆ ನೀರು ಕುಡಿಯೋ ಲೋಟನೂ ಇಷ್ಟು ಕ್ಲೀನಾಗಿಲ್ಲ ಅಕ್ಕ."

ನಾನು ಯಜಮಾನರ ಕಡೆ ನೋಡಿದೆ. ಅವರು ತೆಂಗಿನಮರದ ಕಡೆ ನೋಡಿದರು.

"ಆದ್ರೆ ಅಕ್ಕ, ಇಲ್ಲೊಂದು ತೂತಿರಬೇಕಿತ್ತಲ್ಲ. ಎಲ್ಲಿ?"

"ಬೊಟ್ಟಿನ ಜಾಗನಾ? ಅಲ್ಲೇ ಇದೆ ನೋಡು, ಬೊಟ್ಟಿನ ಕೆಳಗೆ."

"ಬೊಟ್ಟಿನ ಜಾಗ?"

"ಹೂಂ. ಕಂಪನಿಯವರೇ ಬಿಟ್ಟಿರೋದು."

ಶೋಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೇನೋ ಎಂದು ನಾನು ನೀರು ತರಲು ಹೊರಟಿದ್ದೆ.

"ನೀರು ಬ್ಯಾಡ ಅಕ್ಕ, ಒಂದು ಪಿನ್ ಕೊಡಿ."

ಅತ್ತೆಯ ಬಳೆಗೆ ಸದಾ ನಾಲ್ಕು ಪಿನ್ ಸಿಕ್ಕಿಸಿರುತ್ತದೆ. ಒಂದನ್ನು ಕೊಟ್ಟರು. ಶೋಭಾ ಕೆದಕಿದಳು. ಕೆಂಪು ಬಂತು, ಬಿಳಿ ಬಂತು, ಮತ್ತೆ ಕೆಂಪು ಬಂತು. ವಾರಗಳನ್ನು ಎಣಿಸಬಹುದಾಗಿತ್ತು. ಎಲ್ಲಕ್ಕಿಂತ ಕೆಳಗೆ ಹಳದಿಗಟ್ಟಿದ ಹಾಲಿನ ಗಸಿ. ಇಡೀ ಮಿಷಿನ್ನಿನಲ್ಲಿ ಕೊಳೆಯಿದ್ದದ್ದು ಒಂದೇ ಒಂದು ಜಾಗದಲ್ಲಿ. ನಾನು ದಿನಾ ಕೈಮುಗಿಯುತ್ತಿದ್ದ ಜಾಗದಲ್ಲಿ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡುದ್ರೆ ಎಣ್ಣೆ ಸರಿಯಾಗಿ ಬತ್ತೈತಾ ಅಕ್ಕ? ಗಾಳಿ ಹೋಗೋಕೆ ಇನ್ನೊಂದು ಹೊಡೀತೀರಲ್ಲ? ಇದೂ ಹಂಗೇಯ. ಇಲ್ಲಿಂದ ಚೂರು ಗಾಳಿ ಹೋದ್ರೆ ಹಾಲು ಕ್ಯಾನಿಗೆ ಓಡ್ತೈತೆ. ಮುಚ್ಚೋದ್ರೆ ಹಾಲು ಇಲ್ಲೇ ನಿಂತ್ಕಂಡು ವಾಪಸ್ ಹೋಗಿ ಮೊಲೆಗೆ ಬಡೀತೈತೆ. ಒಂದರ ಕೊಳೆ ಇನ್ನೊಂದಕ್ಕೆ."

ಎಣ್ಣೆ ಡಬ್ಬದ ಎರಡು ತೂತು! ನನಗೆ ಗೊತ್ತಿಲ್ಲದ್ದೇ ಅದು? ಎಷ್ಟು ಡಬ್ಬ ತೆರೆದಿಲ್ಲ ನಾನು?

ಅತ್ತೆಗೆ ಸಿಟ್ಟು ಬಂತು. "ಅಂದ್ರೆ ಬೊಟ್ಟಿಟ್ಟಿದ್ದೇ ತಪ್ಪು ಅಂತೀಯೇನ್ಲೇ?"

"ಬೊಟ್ಟು ತಪ್ಪಲ್ಲ ಕಣಜ್ಜಿ. ಹಣೆ ಅಂದ್ಕಂಡು ಮೂಗಿನ ಹೊಳ್ಳೆಗೆ ಇಟ್ಟವ್ರೆ, ಅಷ್ಟೇಯ."

ಅಲ್ಲಿಯವರೆಗೆ ತಡೆದುಕೊಂಡಿದ್ದ ಯಜಮಾನರು ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಶೋಭಾ ಮಿಕ್ಕ ಆಡುಗಳ ಕೆಚ್ಚಲನ್ನೂ ನೋಡುತ್ತಾ ಹೋದಳು. ಸುಮ್ಮನೆ ನಿಂತಿದ್ದವಲ್ಲ, ಆ ಹತ್ತರಲ್ಲಿ ನಾಲ್ಕಕ್ಕೆ ಮೊಲೆಯ ತುದಿ ಕೆಂಪಾಗಿತ್ತು. ನನ್ನ ನಗು ಅಲ್ಲಿಗೆ ನಿಂತಿತು.

"ರೀ, ವ್ಯಾಪಾರಿಗೆ ಫೋನ್ ಮಾಡಿ."

"ಮಾತು ಕೊಟ್ಟಿದೀನಿ ಕಣೇ. ಟೆಂಪೋ ಬೇರೆ ಹೇಳವ್ನೆ. ಏನಂತ ಹೇಳ್ಲಿ?"

"ಮಾತು ಕೊಟ್ಟಿದ್ದು ನೀವು. ತಪ್ಪು ಮಾಡಿದ್ದು ನಾನು. ಟೆಂಪೋ ಹತ್ತೋದು ಅವಳಾ?"

ಅವರು ಚಂದ್ರಿಯನ್ನು ನೋಡಿದರು. ಫೋನ್ ತೆಗೆದರು. ನಾನು ಸ್ಪೀಕರ್ ಹಾಕಿಸಿದೆ.

"ಯಣ್ಣ, ಆಡು ಕೊಡಲ್ಲ, ಬರಬ್ಯಾಡ."

"ಯಾಕಣ್ಣೋ? ಒದೀತೈತೆ, ತಗಂಡೋಗು ಅಂದ್ರಲ್ಲ?"

"ಆಡು ಸರಿಯಾಗೇ ಐತೆ. ಮಿಷಿನ್ ಕೆಟ್ಟಿತ್ತು."

"ಏನಾಗಿತ್ತು?"

ಯಜಮಾನರು ನನ್ನ ಮುಖ ನೋಡಿದರು. "ಭಕ್ತಿ ಕಟ್ಕಂಡಿತ್ತು."

ವ್ಯಾಪಾರಿ ಹೇಳಿದ: "ನಮ್ಮನೇಲೂ ಮಿಕ್ಸಿ ತಿರುಗ್ತಿಲ್ಲ ಕಣಣ್ಣ. ಮನೆಗೋಗಿ ಬಿಚ್ಚಿಸ್ತೀನಿ ತಡಿ."

ಪಶುವೈದ್ಯರು ಬಂದು ಔಷಧಿ ಕೊಟ್ಟರು. ಔಷಧಿ ಮುಗಿದು ಅವರು ಸರಿ ಎನ್ನುವವರೆಗೆ ಚಂದ್ರಿಯ ಹಾಲು ಯಾರ ಮನೆಗೂ ಹೋಗಲಿಲ್ಲ. ಅವಳನ್ನು ಕೈಯಲ್ಲೇ, ಎಲ್ಲರಿಗಿಂತ ಕೊನೆಗೆ ಕರೆದೆ. ಮಣಿಕಟ್ಟು ನೋಯುತ್ತಿತ್ತು. ನೋಯಲಿ, ಅದು ನನ್ನ ದಂಡ ಎಂದುಕೊಂಡೆ. ಮೊನ್ನೆ ಭಯಪಡುತ್ತಲೇ ಮತ್ತೆ ಕಪ್ ಹಾಕಿದೆ. ಚಂದ್ರಿ ಒಮ್ಮೆ ಹಿಂತಿರುಗಿ ನೋಡಿದಳು, ಮತ್ತೆ ಮೇವಿಗೆ ಬಾಯಿ ಹಾಕಿದಳು. ಯಜಮಾನರು ಮಾತ್ರ ಮುಂಜಾಗ್ರತೆಗಾಗಿ ಮಾರು ದೂರ ನಿಂತಿದ್ದರು.

ಬೊಟ್ಟು ಬಿಟ್ಟಿರಾ ಎಂದು ಕೇಳಬೇಡಿ. ಮಿಷಿನ್ ತೂಗುಹಾಕುವ ಹಲಗೆಗೆ ಇಡುತ್ತೇನೆ. ಹಲಗೆಗೆ ಮೂಗಿಲ್ಲ.

ಆದರೆ ಒಂದು ಮಾತು ಎದೆಯಲ್ಲೇ ಉಳಿದಿದೆ. ಆ ನಾಲ್ಕು ಆಡುಗಳು ನೋವು ನುಂಗಿಕೊಂಡು ನಿಂತಿದ್ದಾಗ ನಾನು ಅವುಗಳ ಬೆನ್ನು ಸವರಿ, "ಎಷ್ಟು ಸಾಧು ನೋಡ್ರೀ ಇವು" ಎಂದು ಬಾಯಿತುಂಬ ಹೊಗಳಿದ್ದೆ. ನೋವನ್ನು ಹೇಳಿದವಳು ಒಬ್ಬಳೇ. ಅವಳಿಗೆ ಟೆಂಪೋ ಗೊತ್ತುಮಾಡಿದ್ದೆವು. ಅವಳು ಒದೆಯದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಇನ್ನೆಷ್ಟು ಕೆಚ್ಚಲು ಕೆಡುತ್ತಿದ್ದವೋ, ನಾನು ಇನ್ನೂ ಬೊಟ್ಟು ಒತ್ತುತ್ತಲೇ ಇರುತ್ತಿದ್ದೆ. ಈ ಸಲ ಶಿವ ಕಾಪಾಡಿದ್ದು ಆ ಹಿಂಗಾಲಿನಿಂದ.

ನಿಮ್ಮ ಮನೆಯಲ್ಲೂ ಒದೆಯುವವರು ಒಬ್ಬರು ಇದ್ದೇ ಇರುತ್ತಾರೆ; ಅವರಿಗೆ ಕೊಬ್ಬು ಎನ್ನುವ ಮುಂಚೆ ಒಮ್ಮೆಯಾದರೂ ಮಿಷಿನ್ ಬಿಚ್ಚಿ ನೋಡಿದ್ದೀರಾ?