ಮೇಷ್ಟ್ರ ವರ್ಗಕ್ಕೆ ನಾನು ಆಡಿದ ಇಂಗ್ಲಿಷು

ನಾನು ಇಂಗ್ಲಿಷು ಕಲಿತದ್ದು ತಲೆ ನೆರೆತ ಮೇಲೆ, ಚನ್ನಗಿರಿಯ ನನ್ನ ಅಡಿಕೆ ಅಂಗಡಿಯಲ್ಲಿ ಕೂತು. ಕಲಿಸಿದವರು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಶಾಲೆಯ ರುದ್ರಪ್ಪ ಮೇಷ್ಟ್ರು. ನೀವೂ ಕಲಿಯುವುದಾದರೆ ಮೊದಲು ಪುಸ್ತಕ ಹಿಡಿಯಬೇಡಿ, ಸರಕು ಹಿಡಿಯಿರಿ. ಮೇಷ್ಟ್ರು ಒಂದು ಅಡಿಕೆಯನ್ನು ಮೇಜಿನ ಮೇಲಿಟ್ಟರೆ ‘ಆನ್ ದಿ ಟೇಬಲ್’, ಕೆಳಗೆ ಉರುಳಿಸಿದರೆ ‘ಅಂಡರ್ ದಿ ಟೇಬಲ್’. ನಮ್ಮ ‘ಅಲ್ಲಿ’, ‘ಇಂದ’ಗಳು ಮಾತಿನ ಹಿಂದೆ ಕರುವಿನಂತೆ ಬರುತ್ತವೆ, ಅವರವು ಅಮಲ್ದಾರರ ಜವಾನನಂತೆ ಮುಂದೆ ಓಡುತ್ತವೆ.

‘ಮೇ’, ‘ಕ್ಯಾನ್’, ‘ಮಸ್ಟ್’ಗಳದ್ದೂ ಅದೇ ಆತುರ. ಕನ್ನಡದ ವ್ಯಾಪಾರಿ ‘ಕೊಡ...’ ಎಂದು ಎಳೆದು, ಎದುರಿನವನ ಮುಖ ನೋಡಿಕೊಂಡು, ‘ಬಹುದು’ ಎಂದೋ ‘ಲಾರೆ’ ಎಂದೋ ಮುಗಿಸುತ್ತಾನೆ. ಇಂಗ್ಲಿಷಿನವನು ಗಂಟು ಬಿಚ್ಚುವ ಮೊದಲೇ ದರ ಕೂಗಿಬಿಡುತ್ತಾನೆ. ಇಂಥ ಭಾಷೆಯವರು ಇಷ್ಟು ರಾಜ್ಯ ಹೆಂಗೆ ಕಟ್ಟಿದರೋ, ನನಗೆ ತಿಳಿಯದು.

ಹೀಗಿರುವಾಗ ಮೇಷ್ಟ್ರಿಗೆ ಜಗಳೂರಿಗೆ ವರ್ಗವಾಯಿತು. ಅವರ ಹೆಂಡತಿ ಗಂಗಮ್ಮನಿಗೆ ಚೊಚ್ಚಲ ಬಸಿರು, ಎಂಟು ತುಂಬಿತ್ತು. ತವರು ಇಲ್ಲೇ ನಲ್ಲೂರು, ಆದರೆ ಗಂಡನನ್ನು ಅಷ್ಟು ದೂರ ಒಬ್ಬನೇ ಕಳಿಸಲು ಅವಳು ಒಪ್ಪಳು. ಪೆಟ್ರೋಲ್ ಸಿಗದ ಯುದ್ಧಕಾಲದ ಇದ್ದಿಲು ಬಸ್ಸಿನಲ್ಲಿ ಅವಳು ಜಗಳೂರು ಸೇರುವುದೆಂದರೆ ನೆನೆಸಿಕೊಂಡೇ ನನಗೆ ದಿಗಿಲು. ಶಾಲಾ ಇನ್‌ಸ್ಪೆಕ್ಟರ್ ಊರಿಗೆ ಬಂದು ಬಂಗಲೆಯಲ್ಲಿ ಇಳಿದಿದ್ದರು. “ನೀವೇ ಒಂದು ಮಾತು ಹೇಳ್ರಿ ಯಜಮಾನ್ರೆ” ಎಂದರು ಮೇಷ್ಟ್ರು. ಪೇಟ ಸುತ್ತಿಕೊಂಡು ಹೊರಟೆ. ದೊಡ್ಡ ಸಾಹೇಬರಿಗೆ ದೊಡ್ಡ ಭಾಷೆಯೇ ಸರಿ ಎಂದುಕೊಂಡೆ.

“ಸಾರ್, ಮೇಷ್ಟ್ರು ಶುಡ್ ಸ್ಟೇ ಇನ್ ಚನ್ನಗಿರಿ” ಎಂದೆ.

“ಹಿ ಮಸ್ಟ್ ಗೋ ಟು ಜಗಳೂರ್” ಎಂದರು, ಕಾಗದದಿಂದ ತಲೆ ಎತ್ತದೆ.

‘ಮೇ’ ಹಾಕಿ ನೋಡಿದೆ, ‘ಕ್ಯಾನ್’ ಹಾಕಿ ನೋಡಿದೆ. ಅವರು ‘ಮಸ್ಟ್’ ಬಿಟ್ಟು ಕದಲಲಿಲ್ಲ. ನನ್ನ ಬಳಿ ಇಂಗ್ಲಿಷಿನ ದಾಸ್ತಾನು ಮುಗಿಯಿತು.

“ಸಾಹೇಬ್ರೆ, ಆ ಹೆಣ್ಣುಮಗಳಿಗೆ ಎಂಟು ತುಂಬೈತೆ. ಬಸ್ಸಿನಾಗೆ ಕುಲುಕಿಸ್ಕೊಂಡು ಹೆಂಗೆ ಹೋಗ್ತಾಳ್ರಿ?”

ಅವರು ಕನ್ನಡಕ ತೆಗೆದರು. “ಇದನ್ನ ಮೊದಲೇ ಹೇಳಾಕೆ ಏನಾಗಿತ್ರಿ? ನೀವು ಇಂಗ್ಲಿಷ್ ಪರೀಕ್ಷೆ ಕೊಡಾಕೆ ಬಂದೀರಿ ಅಂದ್ಕೊಂಡಿದ್ದೆ.”

ಅಲ್ಲಿಂದ ಅದು ನನ್ನ ಸಂತೆ. ವರ್ಗ ಮುಂದೂಡಲು ನಾನು ಒಂದು ವರ್ಷ ಕೇಳಿದೆ, ಅವರು ಬಾಣಂತಿ ಎದ್ದು ಓಡಾಡುವ ತನಕ ಎಂದರು; ಕೂಸಿಗೆ ಐದು ತಿಂಗಳಾಗಲಿ ಎನ್ನುವಲ್ಲಿಗೆ ಕುದುರಿತು. ಎದುರಿನವನು ಅರ್ಧಕ್ಕೆ ಬಂದ ಕೂಡಲೇ ಕೈ ಮುಗಿದು ಎದ್ದುಬಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಹಾಗೆಯೇ ಎದ್ದು ಬಂದೆ.

ನಲ್ಲೂರಿನಲ್ಲಿ ಹೆರಿಗೆ ಸುಸೂತ್ರವಾಯಿತು. ಐದು ತಿಂಗಳಿಗೆ ಅವರನ್ನು ಜಗಳೂರಿನ ಬಸ್ಸು ಹತ್ತಿಸಲು ಹೋದೆ. ಗಂಗಮ್ಮ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲಿನ ಮಗಳ ಕುಲಾವಿ ಸರಿಮಾಡುತ್ತ ಕೇಳಿದಳು: “ಅಣ್ಣಾರೆ, ಸಾಹೇಬ್ರು ಅಷ್ಟು ಮೆತ್ತಗಾಗಿದ್ರಲ್ಲ, ವರ್ಗಾನೇ ಬಿಡಿಸ್ಕೊಂಡು ಬರಬೋದಾಗಿತ್ತಲ್ರಿ?”

ಮೇಷ್ಟ್ರು ನಕ್ಕು ಆಚೆ ತಿರುಗಿದರು. ಕನ್ನಡಕ್ಕೆ ತಿರುಗಿದ ಮೇಲೆ, ದಿನಗಳಿಗೆ ಚೌಕಾಸಿ ಮಾಡುವ ಭರದಲ್ಲಿ, ಚನ್ನಗಿರಿಯಲ್ಲೇ ಉಳಿಸಿ ಎಂದು ನಾನು ಕೇಳಿಯೇ ಇರಲಿಲ್ಲ. ‘ಬರಬಹುದಾಗಿತ್ತು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಮೇಷ್ಟ್ರು ಇನ್ನೂ ಕಲಿಸಿರಲಿಲ್ಲ. ಬಸ್ಸು ಹೊಗೆಯುಗುಳಿ ಹೊರಟಿತು. ಆ ಪಾಠವನ್ನು ಗಂಗಮ್ಮನೇ ಮಾಡಿ ಹೋದಳು, ಕನ್ನಡದಲ್ಲಿ.