ಚಿತ್ರದ ಬೇವು, ಅಂಗಳದ ಹೊಂಗೆ

ಮೊನ್ನೆ ಲಿಂಗಸುಗೂರಿನ ನಮ್ಮ ಆಫೀಸಿನಲ್ಲಿ, ಜೊತೆಗೆ ಕೆಲಸ ಮಾಡುವ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಮನೆಯ ಚಿತ್ರದ ಮುಂದೆ ಮರಗಳನ್ನು ನಿಲ್ಲಿಸುತ್ತಿದ್ದಳು. ಒಂದು ಗುಂಡಿ ಒತ್ತಿದ್ದೇ ತಡ, ಆರು ಮರ ಎದ್ದು ನಿಂತವು. ಎಲೆಗಳು ಗಾಳಿಗೆ ಅಲ್ಲಾಡಿದವು ಕೂಡ. "ಯಾವ ಗಿಡ ಇವು, ತಂಗಿ?" ಎಂದೆ. "ಗೊತ್ತಿಲ್ರಿ ಸರ್, ಚಂದ ಕಾಣ್ಲಿ ಅಂತ ಇಟ್ಟೀನಿ" ಎಂದಳು. ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಇಂಜಿನಿಯರ್ ಸಾಹೇಬರೊಬ್ಬರ ಕೈಕೆಳಗೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಕಾಲುವೆ ನೀರಿನಲ್ಲಿ ಭತ್ತ ಬೆಳೆದ ಮಂದಿ ಮಣ್ಣಿನ ಮಾಳಿಗೆ ಬಿಟ್ಟು ಸಿಮೆಂಟಿನ ಮನೆ ಕಟ್ಟಿಸುತ್ತಿದ್ದ ಕಾಲ. ನಕ್ಷೆ ಅವರಿಗೆ ಅರ್ಥವಾಗದು. ಹಾಗಾಗಿ ಮನೆ ಮುಂದೆ ಹೇಗೆ ಕಾಣುತ್ತದೆಂದು ಚಿತ್ರವನ್ನೂ ಬರೆದು ಕೊಡುತ್ತಿದ್ದೆ. ಗೋಡೆ, ಸಜ್ಜಾ, ಕಿಟಕಿ ನೆಟ್ಟಗೆ ಬರುತ್ತಿದ್ದವು. ಗಿಡ ಮಾತ್ರ ಹೂಕೋಸಾಗುತ್ತಿತ್ತು. ಸಾಹೇಬರು ಕನ್ನಡಕ ಏರಿಸಿ, "ಏನಪಾ, ಪಲ್ಲೆ ಮಾಡಾಕ ತಂದಿಯೇನು ಇದನ್ನ?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಅದರೊಳಗೆ ಗಿಡಗಳೂ ಇದ್ದವು, ಆದರೆ ನಮ್ಮ ಸೀಮೆಯವಲ್ಲ. ಚೂಪು ತುದಿಯವು, ಕೆಂಪು ಎಲೆಯವು, ಹಿಮ ಬೀಳುವ ದೇಶದವು. ಅವನ್ನು ಸಾಲಗುಂದದ ಮನೆಯೊಂದರ ಮುಂದೆ ನಿಲ್ಲಿಸಿದರೆ ನೆಂಟರ ಮದುವೆಗೆ ಬಂದು ದಾರಿ ತಪ್ಪಿದವರಂತೆ ಕಾಣುತ್ತಿದ್ದವು. ನನಗೆ ಹಟ ಬಂತು. ಕ್ಯಾಮೆರಾ ಕಡ ತಂದು ಮಸ್ಕಿಗೆ ಹೋಗಿ, ರಸ್ತೆ ಪಕ್ಕದ ದೊಡ್ಡ ಬೇವಿನ ಮರವೊಂದರ ಫೋಟೊ ತೆಗೆದೆ. ಅದನ್ನು ಕಂಪ್ಯೂಟರಿಗೆ ಇಳಿಸಿ, ಎಲೆಗಳ ಸಂದಿಯಲ್ಲಿದ್ದ ಆಕಾಶವನ್ನು ಚುಕ್ಕೆ ಚುಕ್ಕೆಯಾಗಿ ಅಳಿಸುತ್ತ ಕೂತೆ. ಬೇವಿನ ಎಲೆಯನ್ನು ನೀವು ಬಲ್ಲಿರಿ, ಅಂಚೆಲ್ಲ ಗರಗಸ. ಮೊದಲ ವಾರ ಮರಕ್ಕೆ ಹಿಟ್ಟು ಬಡಿದಂತೆ ಸುತ್ತ ಬಿಳಿ ಅಂಚು ಉಳಿಯುತ್ತಿತ್ತು. ಎರಡನೆಯ ವಾರ ಅದೂ ಹೋಯಿತು. ಬುಡದಲ್ಲಿ ನೆರಳು ಹಾಸಿದೆ. ಸಾಹೇಬರು ನೋಡಿ, "ಹಾಂ! ಇದು ಗಿಡ" ಎಂದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಆ ಬೇವನ್ನು ಮೊದಲು ನಿಲ್ಲಿಸಿದ್ದು ಗೊರೇಬಾಳದ ಅಮರೇಗೌಡರ ಮನೆಯ ಚಿತ್ರದಲ್ಲಿ. ಊರೊಳಗಿನ ಹಳೆ ಮನೆ ಸಾಲದೆಂದು ಅವರು ಗದ್ದೆಯಂಚಿನ ಬಯಲಲ್ಲಿ ಹೊಸದು ಕಟ್ಟಿಸಲು ಹೊರಟಿದ್ದರು. ಗೌಡರು ಚಿತ್ರ ಒಯ್ದರು, ಒಪ್ಪಿದರು, ಮನೆ ಎದ್ದಿತು. ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಗೌಡರು ಆಫೀಸಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ ನಿಂತರು.

"ನಮ್ಮ ಮನಿಯಾಕಿ ಒಳಗ ಕಾಲಿಡಂಗಿಲ್ಲ ಅನ್ನಾಕತ್ತಾಳ್ರಿ. ಚಿತ್ರ ಬರದಾವನ್ನ ಕರಕೊಂಡು ಬಾ ಅಂದಾಳ."

ಗೌಡರ ಬೈಕಿನ ಹಿಂದೆ ಕೂತು ಹೋದೆ. ಗೌಡರ ಹೆಂಡತಿ ದೇವಮ್ಮ ಹೊಸ ಮನೆಯ ಮುಂದಿನ ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ನಿಂತಿದ್ದರು. ಕೈಯಲ್ಲಿ ನನ್ನ ಚಿತ್ರ.

"ತಮ್ಮಾ, ಇದರಾಗ ಕಿಡಕಿ ತೋರಿಸಿದ್ರಿ, ಕಿಡಕಿ ಇಟ್ರಿ. ಮೆಟ್ಲ ತೋರಿಸಿದ್ರಿ, ಮೆಟ್ಲ ಇಟ್ರಿ. ಗಿಡಾ ಎಲ್ಲೈತಿ?"

ನಾನು ನಕ್ಕುಬಿಟ್ಟೆ. "ಅಕ್ಕಾರ, ಅದು ಚಂದ ಕಾಣ್ಲಿ ಅಂತ ಹಾಕಿದ್ದರಿ."

ಅವರು ನಗಲಿಲ್ಲ. "ಹಳೇ ಮನಿ ಮುಂದ ನಮ್ಮತ್ತಿ ಹಚ್ಚಿದ ಬೇವೈತಿ. ನಾಟಿಗೆ ಬಂದ ಹೆಣ್ಮಕ್ಕಳು ಅಲ್ಲೇ ಕುಂತು ಉಣ್ಣತಾರ, ಕೂಸಿಗೆ ಅಲ್ಲೇ ತೊಟ್ಲ ಕಟ್ಟತಾರ. ಅದನ್ನ ಬಿಟ್ಟು ಈ ಬಯಲಿಗೆ ಬರಾಕ ನಾ ಒಲ್ಲೆ ಅಂದಿದ್ದೆ. ಈ ಚಿತ್ರ ನೋಡಿ ಹೂಂ ಅಂದೆ. ಸುಳ್ಳು ಹೇಳಿದ್ಯೇನು ಹಂಗಾರ?"

ಎಲೆಎಲೆಯಾಗಿ ಕತ್ತರಿಸಿ ನಾನು ಮಾಡಿದ್ದು ಎಂಥ ಗಟ್ಟಿ ಸುಳ್ಳೆಂದು ಆಗ ತಿಳಿಯಿತು. ಹೂಕೋಸನ್ನು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ನನಗೆ ಬೇರೆ ದಾರಿ ತೋಚದೆ, "ಹಚ್ಚಿ ಕೊಡ್ತೀನ್ರಿ ಅಕ್ಕಾರ" ಎಂದೆ.

ಟೇಪು ಹಿಡಿದು, ಚಿತ್ರದಲ್ಲಿ ಮರವಿದ್ದ ಜಾಗವನ್ನು ನೆಲದ ಮೇಲೆ ಅಳೆದೆ. ಗೌಡರು ಗಂಟಲು ಸರಿಮಾಡಿಕೊಂಡು, "ಅಲ್ಲಿ ಪಾಯಖಾನಿ ಗುಂಡಿ ಐತ್ರಿ" ಎಂದರು. ದೇವಮ್ಮ ಮೊದಲ ಸಲ ನಕ್ಕರು. "ಗೊಬ್ಬರದ ಚಿಂತಿ ಇರ್ತಿದ್ದಿಲ್ಲ ಬಿಡು!"

ಆಮೇಲೆ ಅವರೇ ಜಾಗ ಹುಡುಕಿದರು. ಇಳಿಹೊತ್ತಿನ ತನಕ ಅಂಗಳದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ನಿಂತು, ತಮ್ಮ ನೆರಳು ಮನೆ ಮುಂದಿನ ಕಟ್ಟೆಯ ಕಡೆ ಬೀಳುವ ಜಾಗದಲ್ಲಿ ಹಿಮ್ಮಡಿಯಿಂದ ಗೀರಿದರು. "ಇಲ್ಲಿ. ಆದ್ರ ಬೇವು ಬ್ಯಾಡ. ಗದ್ದಿ ನೀರು ಇಲ್ಲಿತನಕ ಜಿನುಗತೈತಿ, ಬೇವಿನ ಬೇರು ಕೊಳಿತಾವ. ಹೊಂಗಿ ತಾ."

"ಬೇವಿಗೇ ಅಲ್ಲೇನ್ರಿ ಇಷ್ಟೆಲ್ಲಾ ಹಟ?" ಎಂದೆ. "ನೆರಳು ಬೇಕಪಾ ನನಗ, ಹೆಸರು ತಗೊಂಡು ಏನ್ ಮಾಡ್ಲಿ?" ಎಂದರು.

ಮರುದಿನ ಸಿಂಧನೂರಿನ ನರ್ಸರಿಯಿಂದ ಹೊಂಗೆಯ ಸಸಿ ತೆಗೆದುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗೊರೇಬಾಳಕ್ಕೆ ಹೋದೆ. ತಗ್ಗು ತೋಡಿದ್ದು ಗೌಡರು, ಮಣ್ಣು ಮುಚ್ಚಿದ್ದು ನಾನು. ಸಸಿ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಗೃಹಪ್ರವೇಶದ ಬೆಳಿಗ್ಗೆ ದೇವಮ್ಮ ಮೊದಲು ಅದಕ್ಕೊಂದು ತಂಬಿಗೆ ನೀರೆರೆದು, ಆಮೇಲೆ ಹೊಸ್ತಿಲು ದಾಟಿದರು.

ಅಂದಿನಿಂದ ಮನೆ ಕಟ್ಟಿಸುವವರು ಬಂದರೆ, ಯಾವ ಗಿಡ ಹಚ್ಚುತ್ತೀರಿ, ನೀರೆಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳುವ ಚಾಳಿ ನನಗೆ ಅಂಟಿತು. ಕೆಲವರಿಗೆ ಬೇಸರ. ದಢೇಸುಗೂರಿನವರೊಬ್ಬರಂತೂ, "ಮನಿ ಕಟ್ಟಾಕ ಬಂದೀನೋ ತ್ವಾಟ ಮಾಡಾಕೋ?" ಎಂದು ಎದ್ದೇ ಹೋದರು. ಎರಡು ದಿನ ಬಿಟ್ಟು ಬಂದು, "ಹುಣಸಿ ಬರೀರಿ" ಎಂದರು.

ಇತ್ತೀಚೆಗೆ ಗೌಡರ ಮಗ ಫೋನು ಮಾಡಿ, ಮೇಲೊಂದು ಅಂತಸ್ತು ಏರಿಸಬೇಕು, ಚಿತ್ರ ಮಾಡಿ ಕೊಡಿ ಎಂದ. ಕಂಪ್ಯೂಟರಿನಲ್ಲಿ ಮರ ನಿಲ್ಲಿಸಿದ ಆ ಹುಡುಗಿಯನ್ನೂ ಕರೆದುಕೊಂಡು ನಿನ್ನೆ ಹೋಗಿದ್ದೆ. ಕಟ್ಟೆಯ ಮೇಲೆ ಹೊಂಗೆ ಹೂವು ಅಕ್ಕಿ ಚೆಲ್ಲಿದಂತೆ ಬಿದ್ದಿತ್ತು. ನಾಲ್ಕಾರು ಹೆಂಗಸರು ಬುತ್ತಿ ಬಿಚ್ಚಿದ್ದರು. ನಡುವೆ ದೇವಮ್ಮ ಚಟ್ನಿ ಬಡಿಸುತ್ತಿದ್ದರು. ನಾನು ಮೊದಲು ಕಾಂಡದ ಸುತ್ತಳತೆ ಹಿಡಿದೆ; ಹುಡುಗಿ ಗೋಡೆಯ ಕಡೆ ಚಾಚಿದ ಟೊಂಗೆಗಳನ್ನು ಒಂದೊಂದಾಗಿ ಅಳೆದು ಬರೆದುಕೊಂಡಳು. ಮೇಲಿನ ಬಾಲ್ಕನಿ ಮೂರಡಿ ಹಿಂದೆ ಸರಿಯಬೇಕಾಯಿತು.

"ಐದಡಿ ಸರಿಸ್ರಿ" ಎಂದರು ದೇವಮ್ಮ, ರೊಟ್ಟಿ ಮುರಿಯುತ್ತ. "ಅದಿನ್ನಾ ಬೆಳ್ಯಾಕತ್ತೈತಿ."